ನಾಲ್ಕು ಹನಿ ಕುಸುಬಿ ಎಣ್ಣೆ

ಅಕ್ಕಲಕೋಟ ತಾಲ್ಲೂಕಿನ ನಮ್ಮೂರಲ್ಲಿ ನಮ್ಮ ತಂದೆಯವರನ್ನು ಇಂದಿಗೂ ಎಲ್ಲರೂ ಮಾಸ್ತರ್ ಎಂದೇ ಕರೆಯುತ್ತಾರೆ. ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಶಾಲೆಯಲ್ಲಿ ಕಲಿಸಿದವರು. ಅಷ್ಟೂ ವರ್ಷ ಗಡ್ಡ ಬಿಟ್ಟುಕೊಂಡು ಶಾಲೆಯ ಹೊಸ್ತಿಲು ತುಳಿದವರಲ್ಲ. ಬಿಳಿ ಧೋತರ, ಕರಿ ಟೊಪ್ಪಿಗೆ, ನುಣ್ಣನೆಯ ಗಲ್ಲ, ಇದೇ ಅವರ ಗುರುತು. ಅಂಥವರು 2022ರ ಚಳಿಗಾಲದ ಒಂದು ಮುಂಜಾನೆ, "ಸಾಕು ಬಿಡಪಾ, ಇನ್ನ ಗಡ್ಡಾನ ಬಿಡ್ತೀನಿ" ಎಂದು ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟುಬಿಟ್ಟರು. ತಪ್ಪು ನನ್ನದಿತ್ತು.

ನಡೆದದ್ದು ಇಷ್ಟು. ಆ ವರ್ಷ ತಂದೆಯವರಿಗೆ ಸೊಲ್ಲಾಪುರದಲ್ಲಿ ಹೃದಯದ ಕವಾಟದ ಶಸ್ತ್ರಕ್ರಿಯೆ ಆಯಿತು. ಆಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನಾ ಗುಳಿಗೆ. ಈ ಗುಳಿಗೆ ನುಂಗುವವರಿಗೆ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ವಾರಕ್ಕೆರಡು ಸಲ ಮನೆಗೇ ಬಂದು ದಾಡಿ ಮಾಡುತ್ತಿದ್ದ ಕಾಕಾ ಅದೇ ಹೊತ್ತಿಗೆ ಮೊಣಕಾಲು ಬೇನೆಯಿಂದ ಅಂಗಡಿಯನ್ನು ಮಗನಿಗೆ ಒಪ್ಪಿಸಿದ್ದರು. ಮಗ ಗಿರಾಕಿ ಬಿಟ್ಟು ಬರುವಂತಿಲ್ಲ. ಡಾಕ್ಟರರು "ಕರೆಂಟಿನ ಮಷೀನು ವಾಪರಸ್ರಿ" ಎಂದಿದ್ದರು. ಅದನ್ನೂ ತಂದೆವು. ಆದರೆ ಸಡಿಲಾದ ಚರ್ಮದ ಮೇಲೆ ಅದು ಕೂದಲು ಜಗ್ಗಿತು, ತಂದೆಯವರಿಗೆ ಸೇರಲಿಲ್ಲ. ಕೊನೆಗೆ ರೇಜರನ್ನು ನಾನೇ ಹಿಡಿದೆ.

ಎರಡು ಸಲ ಹೇಗೋ ಪಾರಾಯಿತು. ಮೂರನೆಯ ಸಲ ಬಸ್ಸಿಗೆ ಹೊತ್ತಾಗಿತ್ತು. ತಣ್ಣೀರು, ಒಂದಿಷ್ಟು ನೊರೆ, ಹಳೆಯ ಬ್ಲೇಡು. ಗದ್ದದ ಕೆಳಗಿನ ಮಡಿಕೆಯಲ್ಲಿ ಬ್ಲೇಡು ಕಚ್ಚಿತು. ಅವ್ವ ಅರ್ಧ ತಾಸು ಅರಿವೆ ಒತ್ತಿ ಹಿಡಿದು ಕೂತಳು. ಧೋತರದ ಮೇಲೆಲ್ಲ ರಕ್ತ. ತಂದೆಯವರು ನನಗೆ ಒಂದು ಮಾತೂ ಅನ್ನಲಿಲ್ಲ, ಗಡ್ಡ ಬಿಡ್ತೀನಿ ಅಂದರು, ಅಷ್ಟೆ. ಹದಿನೈದು ದಿನದಲ್ಲಿ ಸಂಜೆ ಗುಡಿಕಟ್ಟೆಗೆ ಹೋಗಿ ಕೂಡುವುದನ್ನೂ ಬಿಟ್ಟರು. ನನಗೆ ಹೆದರಿಕೆಯಾದದ್ದು ಆಗ.

ಕಾಕಾರ ಪಾಠ

ಸುದ್ದಿ ಕಾಕಾರ ಕಿವಿಗೆ ಬಿತ್ತು. ಅವರ ಅಂಗಡಿಯನ್ನು ನೀವು ನೋಡಬೇಕು. ಹೊರಗೆ ಮರಾಠಿ ಬೋರ್ಡು, ಒಳಗೆ ಗೋಡೆಗೆ ಹಡಪದ ಅಪ್ಪಣ್ಣನವರ ಪಟ, ಬೆಂಚಿನ ಮೇಲೆ ಕನ್ನಡದ ಹರಟೆ. ಕ್ಷೌರದ ಕತ್ತಿಗೆ ಅಲ್ಲಿ 'ವಸ್ತರಾ' ಅನ್ನುತ್ತಾರೆ, ನೊರೆಗೆ ಮಾತ್ರ ಅಪ್ಪಟ 'ಬುರುಗು'. ಕಾಕಾ ಕೋಲೂರಿಕೊಂಡು ನಮ್ಮ ಪಡಸಾಲೆಗೆ ಬಂದು ನನ್ನ ಸಾಮಾನೆಲ್ಲ ನೋಡಿದರು. ಬ್ಲೇಡನ್ನು ಬೆಳಕಿಗೆ ಹಿಡಿದು, "ತಮ್ಮಾ, ಇದ್ರಿಂದ ಕಣಕಿ ಕೊಯ್ಯಬಹುದು, ಗಲ್ಲ ಅಲ್ಲ" ಎಂದರು. ಆಮೇಲೆ ಅವ್ವನತ್ತ ತಿರುಗಿ, "ಅಕ್ಕಾರ, ಮನ್ಯಾಗ ಕುಸುಬಿ ಎಣ್ಣಿ ಐತೇನ್ರಿ?" ಎಂದು ಕೇಳಿದರು.

ನಮ್ಮ ಸೀಮೆಯ ಮನೆಗೆ ಇದು ಕೇಳುವ ಪ್ರಶ್ನೆಯೇ ಅಲ್ಲ. ಹಿಂಗಾರಿ ಬಿಳಿಜೋಳದ ಹೊಲಕ್ಕೆ ದನ ನುಗ್ಗದಿರಲೆಂದು ಸುತ್ತಲೂ ಮುಳ್ಳಿನ ಕುಸುಬಿ ಬಿತ್ತುವುದು ಹಿಂದಿನಿಂದ ಬಂದ ರೂಢಿ. ಸೊಲ್ಲಾಪುರದಲ್ಲಿ ಕುಸುಬಿ ಸಂಶೋಧನೆಯೂ ನಡೆಯುತ್ತದೆ. ಒಗ್ಗರಣೆಗೆ ಹಾಕುವ ಆ ಎಣ್ಣೆ ಗಡ್ಡಕ್ಕೂ ಬರುತ್ತದೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಕಾಕಾ ಕುರ್ಚಿಯಲ್ಲಿ ಕೂತು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಎರಡು-ಮೂರು ನಿಮಿಷ ಗಲ್ಲಕ್ಕೆ ಸುತ್ತಿಡಬೇಕು. ಮುಖ ಒರೆಸಬಾರದು, ಹಸಿ ಇರಬೇಕು. ಅಂಗೈಯಲ್ಲಿ ಮೂರು-ನಾಲ್ಕು ಹನಿ ಎಣ್ಣೆ ಹಾಕಿ ಉಜ್ಜಿಕೊಂಡು, ಕೂದಲು ಹೊರಳಿದ ದಿಕ್ಕಿಗೂ ಅದರ ಎದುರಿಗೂ ಮೆಲ್ಲಗೆ ತಿಕ್ಕಬೇಕು. ಒಂದು ನಿಮಿಷ ಬಿಟ್ಟು, ಎಣ್ಣೆ ತೊಳೆಯದೆ, ಅದರ ಮೇಲೇ ಬ್ರಶ್ಶಿನಿಂದ ಬುರುಗು ಹಚ್ಚಬೇಕು. "ಎಣ್ಣಿ ಜಾಸ್ತಿ ಆತಂದ್ರ ಬುರುಗು ಸಾಯ್ತದ. ಹೋಳಿಗೀಗೆ ತುಪ್ಪ ಸುರದಂಗ ಸುರೀಬ್ಯಾಡ" ಎಂದು ಎಚ್ಚರಿಸಿದರು.

ಹೊಸ ಬ್ಲೇಡು. ಎಡಗೈ ಬೆರಳಿನಿಂದ ಚರ್ಮ ಬಿಗಿಯಾಗಿ ಎಳೆದು ಹಿಡಿಯುವುದು. ರೇಜರಿನ ಭಾರವಷ್ಟೇ ಸಾಕು, ಒತ್ತಬಾರದು. ಕೂದಲು ಹೊರಳಿದ ದಿಕ್ಕಿಗೇ ಎಳೆಯಬೇಕು. ವಯಸ್ಸಾದವರಿಗೆ ಎದುರು ದಿಕ್ಕಿನ ನುಣುಪು ಬೇಡವೇ ಬೇಡ.

ಎಣ್ಣೆ ಏನು ಮಾಡುತ್ತದೆ?

ಎಣ್ಣೆ ಕೂದಲನ್ನು ಮೆತ್ತಗೆ ಮಾಡುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆ ಕೆಲಸ ನೀರಿನದು. ಕೂದಲು ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ, ಆಗ ಕೊಯ್ಯಲು ಕಡಿಮೆ ಬಲ ಸಾಕು. ಒಣ ಗಲ್ಲಕ್ಕೆ ಎಣ್ಣೆ ಹಚ್ಚಿದರೆ ನೀರು ಒಳಗೆ ಇಳಿಯುವುದಕ್ಕೇ ಅಡ್ಡಿ. ಅದಕ್ಕೇ ಮೊದಲು ನೀರು, ಆಮೇಲೆ ಎಣ್ಣೆ. ಎಣ್ಣೆಯ ಕೆಲಸ ಎರಡು: ಹಿಡಿದ ಪಸಿ ಬೇಗ ಆರದಂತೆ ಕಾಯುವುದು, ಬ್ಲೇಡಿಗೂ ಚರ್ಮಕ್ಕೂ ನಡುವೆ ಜಾರುವ ತೆಳು ಪದರವಾಗಿ ನಿಲ್ಲುವುದು. ವಯಸ್ಸಾದ ಚರ್ಮ ತೆಳುವು, ಅದರದೇ ಜಿಡ್ಡೂ ಕಡಿಮೆ. ಹೀಗಾಗಿ ಅಂಥ ಚರ್ಮಕ್ಕೆ ಈ ಪದರ ಹೆಚ್ಚು ಬೇಕು.

ಕುಸುಬಿಯೇ ಆಗಬೇಕೆಂದೇನೂ ಇಲ್ಲ. ಔಡಲೆಣ್ಣೆ ಚೆನ್ನಾಗಿ ಜಾರುತ್ತದೆ, ಆದರೆ ಅಂಟು ಬಹಳ. ಬೇರೆ ಎಣ್ಣೆಗೆ ಒಂದಿಷ್ಟು ಬೆರೆಸಿದರೆ ಸರಿ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಮೊಡವೆ ಏಳುವ ಹುಡುಗರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಸಾಸಿವೆ ಎಣ್ಣೆ ಉರಿ. ಪೇಟೆಯ ಶೀಶೆಗಳಲ್ಲೂ ಬಹುಮಟ್ಟಿಗೆ ಇಂಥ ಎಣ್ಣೆಗಳೇ, ಮೇಲೆ ಅತ್ತರಿನ ವಾಸನೆ. ಕೆಲವರ ಚರ್ಮಕ್ಕೆ ಆ ವಾಸನೆಯೇ ಆಗದು. ಕುಸುಬಿ ಎಣ್ಣೆ ಹಗುರ. ಆದರೆ ಬೇಗ ಕಮಟುತ್ತದೆ, ಸಣ್ಣ ಶೀಶೆಯಲ್ಲಿ ನೆರಳಿಗಿಡಿ. ಎಣ್ಣೆಗೆ ರೇಜರ್ ಕಟ್ಟಿಕೊಳ್ಳುತ್ತದೆ, ನಡುನಡುವೆ ಬಿಸಿನೀರಲ್ಲಿ ಅಲ್ಲಾಡಿಸಿ. ಬಚ್ಚಲದ ಕಲ್ಲಿನ ಮೇಲೆ ಎಣ್ಣೆ ಬಿದ್ದರೆ ಮುದುಕರು ಜಾರುತ್ತಾರೆ, ಪಡಸಾಲೆಯ ಕುರ್ಚಿಯೇ ಮೇಲು.

ಒಂದು ಮಾತು ಮಾತ್ರ ಮರೆಯಬಾರದು. ಎಣ್ಣೆ ಕೆಟ್ಟ ಬ್ಲೇಡಿಗೂ ಅವಸರದ ಕೈಗೂ ಔಷಧವಲ್ಲ. ರಕ್ತ ತೆಳುವಾಗುವ ಗುಳಿಗೆ ತಗೊಳ್ಳುವವರಿಗೆ ಮಷೀನೇ ಹೆಚ್ಚು ಸುರಕ್ಷಿತ. ಬ್ಲೇಡು ಹಿಡಿಯುವ ಮುಂಚೆ ಡಾಕ್ಟರರನ್ನು ಕೇಳಬೇಕು. ನಾವೂ ಮರಳಿ ಕೇಳಿಯೇ ಮುಂದುವರಿದೆವು. ಬೆಂಗಳೂರಿನ ಕಡೆ ಪಟಿಕ ಅನ್ನುವ ತುರಟಿ ಗೀರಿಗೆ ಸಾಕು, ಗಾಯವಾದರೆ ಸ್ವಚ್ಛ ಅರಿವೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಲ್ಲದಿದ್ದರೆ ದವಾಖಾನೆ.

ಆ ದಿನ ಕಾಕಾರ ಎದುರು ನಾನು ದಾಡಿ ಮುಗಿಸಲು ಮುಕ್ಕಾಲು ತಾಸು ಹಿಡಿಯಿತು. ಕೈ ನಡುಗುತ್ತಿತ್ತು. ಬಿಸಿ ಟವೆಲ್ಲಿನ ಸುಖಕ್ಕೋ ಏನೋ ತಂದೆಯವರು ಕಣ್ಣು ಮುಚ್ಚಿ ಕೂತಿದ್ದರು. ನಾನು ಕೊನೆಯ ಸಲ ಮುಖ ಒರೆಸಿದಾಗ ಕಣ್ಣು ತೆರೆದು, "ಚಾಲೂ ಮಾಡಪಾ, ಎಷ್ಟೊತ್ತು ಕೂಡ್ಲಿ?" ಎಂದರು.

"ಮಾಸ್ತರ್ರೀ, ಮುಗದೇ ಹೋತ್ರಿ" ಎಂದು ಕಾಕಾ ನಕ್ಕರು. ತಂದೆಯವರು ಗಲ್ಲದ ಮೇಲೆ ಕೈಯಾಡಿಸಿದರು. ಎದ್ದು ಹೋಗಿ ಕನ್ನಡಿಯನ್ನು ತಾವೇ ಈ ಕಡೆ ತಿರುಗಿಸಿದರು. ಸಂಜೆ ಟೊಪ್ಪಿಗೆ ಇಟ್ಟುಕೊಂಡು ಕಾಕಾರ ಜೊತೆ ಗುಡಿಕಟ್ಟೆಗೆ ಹೋದರು.

ಇವತ್ತಿಗೂ ಬುಧವಾರ, ರವಿವಾರ ನಮ್ಮ ಪಡಸಾಲೆಯಲ್ಲಿ ನೀರು ಕಾಯುತ್ತದೆ. ಆ ಹೊತ್ತಿಗೆ ನಾನು ಯಾವ ಬಸ್ಸನ್ನೂ ಹಿಡಿಯುವುದಿಲ್ಲ.