ಬಯಲು ಸಿನಿಮಾದಲ್ಲಿ ಕೂಸಿನೊಡನೆ ಎಲ್ಲಿ ಕೂರಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯ ಹಿರಿಯರಿಗೆ ಟೂರಿಂಗ್ ಟಾಕೀಸ್ ಎಂಬುದು ಹೊಸ ಮಾತಲ್ಲ. ಕತ್ತಲಾಗುತ್ತಲೇ ಡೇರೆಯ ಕಹಳೆಯಾಕಾರದ ಧ್ವನಿವರ್ಧಕವು ಭಕ್ತಿಗೀತೆಯನ್ನು ಹಾಡತೊಡಗುವುದು. ಅದನ್ನು ಕೇಳಿ ಸಂಸಾರಗಳು ಊಟ ಮುಗಿಸಿ, ಚಾಪೆ ಸುತ್ತಿಕೊಂಡು, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಹೊರಡುತ್ತಿದ್ದುವು. ಅಂತಹ ಡೇರೆಗಳು ಈಗ ಬಹುಮಟ್ಟಿಗೆ ಮರೆಯಾಗಿವೆ. ಆದರೆ ಬಯಲಿನಲ್ಲಿ ಪರದೆ ಕಟ್ಟಿ ಚಿತ್ರ ತೋರಿಸುವ ರೂಢಿ ಅಳಿದಿಲ್ಲ. ಧ್ವನಿವರ್ಧಕಗಳ ಬಲವೂ ಕುಂದಿಲ್ಲ. ಹಸುಗೂಸಿನೊಡನೆ ಹೋದವರು ಎಲ್ಲಿ ಕುಳಿತರೆ ಕ್ಷೇಮ? ಈ ಪ್ರಶ್ನೆಗೆ ಭೌತಶಾಸ್ತ್ರವು ಮೀಟರುಗಳಲ್ಲಿ ಉತ್ತರ ಕೊಡಬಲ್ಲುದು.

ತೆರೆದ ಬಯಲಿನಲ್ಲಿ ಶಬ್ದವು ಹೊರಟ ಸ್ಥಾನದಿಂದ ಸುತ್ತಲೂ ಹರಡುತ್ತದೆ. ದೂರ ಎರಡರಷ್ಟಾದರೆ ಅದೇ ಶಕ್ತಿಯು ನಾಲ್ಕರಷ್ಟು ಕ್ಷೇತ್ರದ ಮೇಲೆ ಹಂಚಿಹೋಗುವುದರಿಂದ ಶಬ್ದದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಇದೇ ವಿಲೋಮ ವರ್ಗ ನಿಯಮ. ಡೆಸಿಬಲ್ ಮಾನದಲ್ಲಿ ಹೇಳುವುದಾದರೆ, ದೂರ ಇಮ್ಮಡಿಸಿದಾಗಲೆಲ್ಲ ಶಬ್ದದ ಮಟ್ಟ 6 ಡೆಸಿಬಲ್ ಕಡಮೆಯಾಗುತ್ತದೆ. ಧ್ವನಿವರ್ಧಕದಿಂದ 2 ಮೀಟರ್ ದೂರದಲ್ಲಿ 100 ಡೆಸಿಬಲ್ ಇದೆಯೆಂದು ಭಾವಿಸೋಣ. ಆಗ 4 ಮೀಟರಿನಲ್ಲಿ 94, 8 ಮೀಟರಿನಲ್ಲಿ 88, 16 ಮೀಟರಿನಲ್ಲಿ 82, 32 ಮೀಟರಿನಲ್ಲಿ 76 ಡೆಸಿಬಲ್ ಆಗುವುದು.

ಇವುಗಳಲ್ಲಿ ಯಾವುದು ಅಪಾಯಕರ? ಕಿವಿಗೊದಗುವ ಹಾನಿಯು ಶಬ್ದದ ತೀವ್ರತೆಯೊಂದನ್ನೇ ಅಲ್ಲ, ಕೇಳಿದ ಕಾಲವನ್ನೂ ಅವಲಂಬಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ಸಂಗೀತ ಕೇಳುವ ವೈಯಕ್ತಿಕ ಉಪಕರಣಗಳಿಗಾಗಿ ಪ್ರಕಟಿಸಿದ ಮಾನದಂಡದಲ್ಲಿ, ಮಕ್ಕಳಿಗೆ ವಾರಕ್ಕೆ 75 ಡೆಸಿಬಲ್‌ನಲ್ಲಿ 40 ಗಂಟೆ ಎಂಬ ಮಿತಿಯನ್ನಿಟ್ಟಿದೆ. ಮಟ್ಟವು 3 ಡೆಸಿಬಲ್ ಏರಿದರೆ ತೀವ್ರತೆ ಎರಡರಷ್ಟಾಗುವುದರಿಂದ, ಕಾಲವನ್ನು ಅರ್ಧಕ್ಕೆ ಇಳಿಸಬೇಕು. ಈ ಮಿತಿಯನ್ನು ನಮ್ಮ ಬಯಲಿಗೆ ಅನ್ವಯಿಸಿದರೆ, 2 ಮೀಟರಿನಲ್ಲಿ ಕುಳಿತ ಮಗುವಿನ ಇಡೀ ವಾರದ ಪಾಲು ಸುಮಾರು ಏಳೂವರೆ ನಿಮಿಷದಲ್ಲಿ ತೀರಿಹೋಗುತ್ತದೆ. 4 ಮೀಟರಿನಲ್ಲಿ ಅರ್ಧ ಗಂಟೆ, 8 ಮೀಟರಿನಲ್ಲಿ 2 ಗಂಟೆ, 16 ಮೀಟರಿನಲ್ಲಿ ಸುಮಾರು 8 ಗಂಟೆ. ಚಿತ್ರವು ಎರಡೂವರೆ ಗಂಟೆಯದಾದರೆ, 8 ಮೀಟರ್ ಸಾಲದು. 16 ಮೀಟರ್ ಸಾಕು. ಹತ್ತಾರು ಹೆಜ್ಜೆ ಹಿಂದೆ ಸರಿಯುವುದರಲ್ಲಿ ಇಷ್ಟು ಲಾಭವಿದೆ.

ಹಾಗಾದರೆ ಎಷ್ಟು ಹಿಂದಕ್ಕಾದರೂ ಹೋಗಬಹುದೆ? ಅದಕ್ಕೂ ಒಂದು ಎಲ್ಲೆಯುಂಟು. ಬೆಳಕು ಪರದೆಯಿಂದ ಕಣ್ಣಿಗೆ ತತ್‌ಕ್ಷಣ ತಲಪುತ್ತದೆ. ಶಬ್ದವಾದರೋ ಸೆಕೆಂಡಿಗೆ ಸುಮಾರು 340 ಮೀಟರಿನಂತೆ ನಡೆದುಬರಬೇಕು. 170 ಮೀಟರ್ ದೂರದವನಿಗೆ ಮಾತು ಅರ್ಧ ಸೆಕೆಂಡ್ ತಡ. ಸೆಕೆಂಡಿಗೆ 24 ಚಿತ್ರಗಳು ಸರಿಯುವುದರಿಂದ ಅಷ್ಟರಲ್ಲಿ 12 ಚಿತ್ರಗಳು ಕಳೆದಿರುತ್ತವೆ; ನಟನ ತುಟಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತದೆ. ಅಮೆರಿಕದ ಕ್ಯಾಮ್‌ಡೆನ್ ಎಂಬಲ್ಲಿ 1933ರ ಜೂನ್ 6ರಂದು ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತ ತೆರೆದ ಮೊದಲ ಡ್ರೈವ್-ಇನ್ ಚಿತ್ರಮಂದಿರಕ್ಕೆ ಸಂಸಾರಗಳು ಮಕ್ಕಳೊಡನೆ ಕಾರಿನಲ್ಲಿಯೇ ಬಂದು ಕೂರಬಹುದಿತ್ತು. ಆದರೆ ಧ್ವನಿವರ್ಧಕಗಳು ಪರದೆಯ ಬಳಿಯೇ ಇದ್ದುದರಿಂದ ಹಿಂದಿನ ಕಾರುಗಳಿಗೆ ಈ ತೊಡಕು ಒದಗಿತು. ಮುಂದೆ ಪ್ರತಿ ಕಾರಿಗೂ ಒಂದು ಚಿಕ್ಕ ಧ್ವನಿವರ್ಧಕವನ್ನು ಕೊಟ್ಟು, ಅನಂತರ ಕಾರಿನ ರೇಡಿಯೋದ ಮೂಲಕವೇ ಕೇಳಿಸಿ, ತೊಡಕನ್ನು ನೀಗಿದರು. ಶಬ್ದವನ್ನು ತಗ್ಗಿಸುವ ಅಧಿಕಾರವೂ ಆಗ ತಾಯಿತಂದೆಯರ ಕೈಗೆ ಬಂದಿತು. ನಮ್ಮ ಊರ ಬಯಲಿನಲ್ಲಿ 32 ಮೀಟರಿಗೆ ಆಗುವ ತಡ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ. ಅದು ಸಾಮಾನ್ಯವಾಗಿ ಗಮನಕ್ಕೆ ಬಾರದು.

ಒಂದು ಎಚ್ಚರಿಕೆ ಅಗತ್ಯ. ಮೇಲಿನ ಲೆಕ್ಕ ತೆರೆದ ಬಯಲಿನದು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಲ್ಲಿ ದೇಶವೆಲ್ಲ ನೋಡಿದ ರಾಮನಗರದ ಬಂಡೆಗಳೂ ಮಾಗಡಿಯ ಸಾವನದುರ್ಗವೂ ಶಬ್ದಕ್ಕೆ ಒಳ್ಳೆಯ ಕನ್ನಡಿಗಳು. ಬಂಡೆಯ ಅಥವಾ ಗೋಡೆಯ ಬುಡದಲ್ಲಿ ಕುಳಿತರೆ ಪ್ರತಿಫಲಿಸಿದ ಶಬ್ದವೂ ಕೂಡಿಕೊಳ್ಳುವುದರಿಂದ ಮಟ್ಟ ನಿರೀಕ್ಷಿಸಿದಷ್ಟು ಇಳಿಯದು.

ಇನ್ನು ಕೂಸಿನ ಕಿವಿ. ಒಂದು ತುದಿ ಮುಚ್ಚಿದ ಕೊಳವೆ ಗಿಡ್ಡದಾದಷ್ಟೂ ಅದರ ಅನುರಣನದ ಸ್ವರ ಏರುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಕೂಸಿನ ಕಿವಿನಾಳ ನಮ್ಮದಕ್ಕಿಂತ ಗಿಡ್ಡ. ಆದ್ದರಿಂದ ಅದು ಇನ್ನೂ ಕೀಚಲಾದ ಸ್ವರಗಳನ್ನು ಎತ್ತಿ ಹಿಡಿಯುತ್ತದೆ. ನಮಗೆ ಹಿತವೆನಿಸಿದ್ದು ಕೂಸಿಗೂ ಹಾಗೆಯೇ ಕೇಳಿಸುವುದೆಂದು ಎಣಿಸಲಾಗದು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳು ಹುಟ್ಟುವಾಗಲೇ ಇರುತ್ತವೆ. ನಾಶವಾದವು ಮತ್ತೆ ಹುಟ್ಟುವುದಿಲ್ಲ. ಕೂಸು ನಿದ್ರಿಸುತ್ತಿದೆಯಲ್ಲಾ ಎಂದು ಸಮಾಧಾನಪಡುವಂತೆಯೂ ಇಲ್ಲ. ಕಣ್ಣಿಗಿರುವ ರೆಪ್ಪೆ ಕಿವಿಗಿಲ್ಲ.

ಮಾಪಕ ಯಂತ್ರವಿಲ್ಲದವರಿಗೆ ಒಂದು ಸುಲಭ ಪರೀಕ್ಷೆಯಿದೆ. ಒಂದು ತೋಳಿನಷ್ಟು ದೂರದಲ್ಲಿರುವವರೊಡನೆ ಕೂಗಿ ಮಾತನಾಡಬೇಕಾಗಿ ಬಂದರೆ ಆ ಜಾಗ ಕೂಸಿಗೆ ತಕ್ಕುದಲ್ಲ. ಕಿವಿಗೆ ಹತ್ತಿ ಇಟ್ಟುದರಿಂದ ಹೆಚ್ಚಿನ ರಕ್ಷಣೆ ದೊರೆಯದು. ಇಡೀ ಕಿವಿಯನ್ನು ಮುಚ್ಚುವ ಮಕ್ಕಳ ಕಿವಿಗವಚ ಮೇಲು. ಎಲ್ಲಕ್ಕಿಂತ ಸುಲಭವಾದುದೂ ಖರ್ಚಿಲ್ಲದುದೂ ಎಂದರೆ ಚಾಪೆಯನ್ನು ಧ್ವನಿವರ್ಧಕದಿಂದ ದೂರಕ್ಕೆ ಎಳೆದು ಹಾಸುವುದು. ಹಿಂದೆ ಕುಳಿತವರಿಗೆ ಪರದೆ ತುಸು ಚಿಕ್ಕದಾಗಿ ಕಾಣಬಹುದು, ಅಷ್ಟೆ. ಚಿತ್ರದ ಕಥೆಯಂತೂ ಮುಂದಿನವರಿಗೂ ಹಿಂದಿನವರಿಗೂ ಒಂದೇ.