ಸುಳ್ಯದ ಮನೆ ಬಾಡಿಗೆಗೆ: ಬ್ರೋಕರ್ ಬೇಕಾ?

ಮನೆ ಸುಳ್ಯದಲ್ಲಿ, ನೀವಿರುವುದು ದುಬೈಯಲ್ಲೋ ಬೆಂಗಳೂರಲ್ಲೋ. ಬಾಡಿಗೆಗೆ ಕೊಡಲು ಬ್ರೋಕರ್ ಬೇಕಾ?

ಕೆವಿಜಿ ಮೆಡಿಕಲ್ ಕಾಲೇಜಿನ ಹತ್ತಿರವಾದರೆ, ಮೊದಲು ಗೇಟಿಗೊಂದು ‘ಬಾಡಿಗೆಗಿದೆ’ ಬೋರ್ಡು ಹಾಕಿ ನೋಡಿ. ಪುತ್ತೂರಿನ ಕಾಲೇಜುಗಳ ಸುತ್ತಲೂ ಅಷ್ಟೇ. ಕಡಬದ ಕಡೆ ಪರಿಚಯದವರ ಬಾಯಿಮಾತೇ ಸಾಕು.

ನಿಜವಾದ ಪ್ರಶ್ನೆ ಜೂನ್ ತಿಂಗಳದ್ದು. ಹಂಚು ಜಾರಿ ಅಡುಗೆಮನೆ ಸೋರುತ್ತದೆ, ಅಂಗಳ ಪಾಚಿಗಟ್ಟುತ್ತದೆ, ಸಿಡಿಲಿಗೆ ಬಾವಿಯ ಪಂಪು ಸುಡುತ್ತದೆ. ಆಗ ಏಣಿ ಹಿಡಿದು ಬರುವವರು ಯಾರು? ಜನ ತೋರಿಸಿ ಕಮಿಷನ್ ಪಡೆದ ಬ್ರೋಕರ್ ಸಾಮಾನ್ಯವಾಗಿ ಬರುವುದಿಲ್ಲ. ಹತ್ತಿರದಲ್ಲಿ ಭಾವನೋ ಚಿಕ್ಕಪ್ಪನೋ ಇದ್ದರೆ ಬ್ರೋಕರ್ ಬೇಡ ಅಂತಲೇ ನಾನು ಹೇಳುವುದು. ಯಾರೂ ಇಲ್ಲವಾ? ರಿಪೇರಿಯ ಹೊಣೆಯನ್ನೂ ಬರೆದುಕೊಡುವವರಿಗೆ ಮಾತ್ರ ಒಪ್ಪಿಸಿ.

ಕರಾರುಪತ್ರ ಮಾತ್ರ ನೀವೇ ಓದಿ. 11 ತಿಂಗಳು ಅಂತ ಬರೆಯುವುದೇಕೆ ಗೊತ್ತಾ? ಅವಧಿ ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು. ಅಡ್ವಾನ್ಸ್ ನೇರ ನಿಮ್ಮ ಖಾತೆಗೇ ಬರಲಿ.