ನಿಮಗಿದು ಗೊತ್ತೆ? ಹಗುರ ವಿಮಾನ ಬಿದ್ದರೆ ಪೆಟ್ಟೂ ಹಗುರವೇ?

ಬಸವಕಲ್ಯಾಣ, ಹುಮನಾಬಾದ್‌ ಕಡೆಯವರಿಗೆ ಬೀದರ್ ವಾಯುನೆಲೆಯ ಹಾಕ್ ತರಬೇತಿ ಜೆಟ್‌ಗಳು ಪರಿಚಿತ. ಎನ್‌ಸಿಸಿ ಕೆಡೆಟ್‌ಗಳು ಹಾರಾಟ ಕಲಿಯುವುದು ಮಾತ್ರ ಪುಟ್ಟ ಮೈಕ್ರೋಲೈಟ್ ವಿಮಾನದಲ್ಲಿ.

ಎರಡೇ ಆಸನದ ಇದರ ಗರಿಷ್ಠ ತೂಕ ಸುಮಾರು 450 ಕಿಲೋ. ನಾಲ್ಕು ಆಸನದ ಸೆಸ್ನಾ 172 ವಿಮಾನದ್ದು 1,111 ಕಿಲೋ. ವೇಗ ಇಮ್ಮಡಿಯಾದರೆ ಅಪ್ಪಳಿಸುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ತೂಕ, ವೇಗ ಎರಡೂ ಕಡಿಮೆಯಿರುವ ಮೈಕ್ರೋಲೈಟ್‌, ಎಂಜಿನ್ ಕೈಕೊಟ್ಟರೆ, ಚಿಕ್ಕ ಹೊಲದಲ್ಲೂ ಇಳಿಯಬಹುದು. ಕೆಲವು ಮಾದರಿಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಕೂಡ ಇರುತ್ತದೆ!

ಆದರೆ ತೆಳು ಚೌಕಟ್ಟಿಗೆ ಪೆಟ್ಟು ತಡೆಯುವ ಕಸುವು ಕಡಿಮೆ. 2020ರ ಫೆಬ್ರುವರಿಯಲ್ಲಿ ಪಟಿಯಾಲದಲ್ಲಿ ಎನ್‌ಸಿಸಿ ಮೈಕ್ರೋಲೈಟ್ ಬಿದ್ದು ವಾಯುಪಡೆ ಅಧಿಕಾರಿ ಮೃತಪಟ್ಟರು. ಜತೆಗಿದ್ದ ಕೆಡೆಟ್ ಬದುಕುಳಿದರು.

ಹಾಗೆಂದು ಹೆಚ್ಚು ತೂಕದ ವಿಮಾನವೇ ಸುರಕ್ಷಿತ ಎನ್ನುವಂತೆಯೂ ಇಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಕೂಡಲೇ ಬಿದ್ದು, ನಟಿ ಸೌಂದರ್ಯ ಸೇರಿ ನಾಲ್ವರನ್ನು ಬಲಿ ಪಡೆದದ್ದು ಸಾಂಪ್ರದಾಯಿಕ ಲಘು ವಿಮಾನ, ಸೆಸ್ನಾ 180.